ಮಾವ, ಡ್ರಮ್ಮರ್ ಯಾಕೆ ಬೇಕು?

ಒಂಟಿಕೊಪ್ಪಲ್ ಕೇಳುಗ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಅದರ ಹಿಂದಿನ ಕತೆ ಮಾತ್ರ ಸ್ವಲ್ಪ ಉದ್ದ. ಪುರುಸೊತ್ತಾದಾಗ ಓದಿ, ನಿಮಗೆ ಅನ್ನಿಸಿದ್ದನ್ನು ಹೇಳಿ.

ನನಗೆ 44 ವರ್ಷ, ಊರು ಮೈಸೂರು. ನಾನು ಯಾವ ವಾದ್ಯವನ್ನೂ ನುಡಿಸುವವನಲ್ಲ. ಹಾಡಲೂ ಬರುವುದಿಲ್ಲ. ಆದರೆ 2003ರಿಂದ 2010ರವರೆಗೆ ನನ್ನ ಗೆಳೆಯರ ಒಂದು ಬ್ಯಾಂಡಿನ ಜೊತೆಗಿದ್ದೆ. ಅವರು ನಾಲ್ಕು ಜನ, ಐದನೆಯವನು ನಾನು. ಕೇಬಲ್ ಸುತ್ತುವುದು, ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ಹೊರುವುದು, ಲಗೇಜ್ ಆಟೋ ಮಾತಾಡುವುದು, ಶೋ ಮುಗಿದ ಮೇಲೆ ಬಾಕಿ ದುಡ್ಡಿಗೆ ಓಡಾಡುವುದು, ಎಲ್ಲ ನನ್ನ ಕೆಲಸ. ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಹಾಡು ಹುಟ್ಟುವ ಹೊತ್ತಿಗೆ ಆ ರೂಮಿನಲ್ಲಿ ಕೂರಲು ಸಿಕ್ಕಿತಲ್ಲ, ನನಗೆ ಅದೇ ದೊಡ್ಡದು.

ಹೋದ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗನಿಗೆ 19, ಇಂಜಿನಿಯರಿಂಗ್ ಎರಡನೇ ವರ್ಷ. ಅವನ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್, ಮೊಳದುದ್ದದ ಒಂದು ಕೀಬೋರ್ಡ್, ಒಂದು ಮೈಕ್. ಮೈಕ್ ಹಿಂದೆ ಅಕ್ಕನ ಹಳೇ ರಜಾಯಿ ನೇತು ಹಾಕಿದ್ದಾನೆ, ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ. "ಮಾವ, ಒಂದು ಹಾಡು ಮಾಡಿದ್ದೀನಿ, ಕೇಳ್ತೀರಾ?" ಅಂದ.

ಕೇಳಿದೆ. ಚೆನ್ನಾಗಿತ್ತು. ಅಕ್ಕನ ಮಗ ಅಂತ ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಬೆಳಗ್ಗೆ ಒಂಟಿಯಾಗಿ ನಡೆಯುವ ಒಬ್ಬ ಅಜ್ಜನ ಬಗ್ಗೆ ಬರೆದ ಹಾಡು. ಮಾತು, ಟ್ಯೂನ್, ದನಿ ಮೂರೂ ಅವನದೇ. ಡ್ರಮ್ಸ್, ಬೇಸ್ (ತಗ್ಗಿನ ದನಿಯ ಗಿಟಾರ್), ಗಿಟಾರ್, ಪಿಟೀಲು ಎಲ್ಲ ಲ್ಯಾಪ್‌ಟಾಪಿನ ಒಳಗಿಂದ ಬಂದದ್ದು. "ಇದಕ್ಕೆ ಒಬ್ಬ ಡ್ರಮ್ಮರ್ ಹುಡುಕೋ, ಹಾಡು ಇನ್ನೂ ಮೇಲಕ್ಕೆ ಹೋಗುತ್ತೆ" ಅಂದೆ. ಅವನು ಮೆತ್ತಗೆ ಕೇಳಿದ: "ಮಾವ, ಡ್ರಮ್ಮರ್ ಯಾಕೆ ಬೇಕು? ಅವನ ಟೈಮಿಗೆ ನಾನು ಕಾಯಬೇಕು. ರೂಮಿಗೆ ಬಾಡಿಗೆ ಕೊಡಬೇಕು. ಆಮೇಲೆ ಜಗಳ. ಇಲ್ಲೇ ಎಲ್ಲಾ ಇದೆಯಲ್ಲ."

ಹುಡುಗ ಅಹಂಕಾರದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅನ್ನ ಸಾರು ಕಲಸುತ್ತಾ ಕೂತುಬಿಟ್ಟೆ. ಒಂದು ವಾರದಿಂದ ಆ ಮಾತು ತಲೆ ಕೊರೆಯುತ್ತಿದೆ.

ಅವನಿಗೆ ಹೇಳಬೇಕಾಗಿದ್ದದ್ದು ಈ ಘಟನೆ. 2006ರ ಮಳೆಗಾಲ. ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ ನಮ್ಮ ಪ್ರಾಕ್ಟೀಸ್. ಗಿರಣಿ ನಿಂತ ಮೇಲೆ, ರಾತ್ರಿ 8 ಗಂಟೆಯ ನಂತರ ಮಾತ್ರ ನಮಗೆ ಬೀಗದ ಕೈ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೆವು. ಎಷ್ಟು ಒರೆಸಿದರೂ ಎಲ್ಲದರ ಮೇಲೂ ತೆಳ್ಳಗೆ ರಾಗಿ ಹಿಟ್ಟು ಕೂತಿರುತ್ತಿತ್ತು. ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಸಿಂಬಲ್, ಬಾರಿಸಿದರೆ ಹಿಟ್ಟು ಏಳುತ್ತಿತ್ತು.

ಶಿಶುನಾಳ ಷರೀಫರ ಒಂದು ಪದಕ್ಕೆ ಹೊಸ ಟ್ಯೂನ್ ಹಾಕಿದ್ದರು. ಮೂರು ವಾರವಾದರೂ ಹಾಡು ಕೂರಲಿಲ್ಲ. ಹಾಡುವವನು "ನಿನ್ನ ಡ್ರಮ್ಸ್ ನನ್ನ ಪದ ನುಂಗ್ತಿದೆ ಕಣೋ" ಅಂದ. ಡ್ರಮ್ಮರ್‌ಗೆ ಸಿಟ್ಟು ಬಂತು. "ನಿನ್ನ ಹಾಡಿಗೆ ಬೆನ್ನುಮೂಳೆ ಇಲ್ಲ, ಅದಕ್ಕೇ ಜೋರಾಗಿ ಹೊಡೀತೀನಿ" ಅಂದ. ಇಬ್ಬರು ಹೇಳಿದ್ದೂ ನಿಜವೇ. ಇನ್ನೇನು ಕಡ್ಡಿ ಎಸೆದು ಎದ್ದು ಹೋಗುತ್ತಾನೆ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಗಿಟಾರ್ ಸತ್ತಿತು, ಬೇಸ್ ಸತ್ತಿತು. ಕತ್ತಲು, ಹೊರಗೆ ಮಳೆ.

ಸ್ನೇರ್ ಡ್ರಮ್ ನೋಡದವರಿಗೆ ಹೇಳುತ್ತೇನೆ. ಅದರ ತಳದಲ್ಲಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ತಂತಿಗಳ ಒಂದು ಪಟ್ಟಿ ಇರುತ್ತದೆ. "ಚಟ್" ಅನ್ನುವ ಸದ್ದು ಬರುವುದು ಅದರಿಂದಲೇ. ಪಕ್ಕದ ಲಿವರ್ ಇಳಿಸಿದರೆ ತಂತಿ ಸಡಿಲವಾಗುತ್ತದೆ. ಆಗ ಬರುವುದು ಬರೀ ತೊಗಲಿನ ಸದ್ದು. ಕತ್ತಲಲ್ಲಿ ಆ ಲಿವರ್ ಇಳಿದ "ಟಕ್" ನನಗೆ ಕೇಳಿಸಿತು. ಆಮೇಲೆ ಅವನು ಕಡ್ಡಿ ಬಿಟ್ಟು ಬರೀ ಅಂಗೈಯಲ್ಲಿ ಮೆಲ್ಲಗೆ ಬಡಿಯತೊಡಗಿದ. ದಮ್ಮಡಿ ಬಡಿದ ಹಾಗಿತ್ತು. ಎರಡು ಸುತ್ತು ಆದ ಮೇಲೆ ಹಾಡುವವನು ತಗ್ಗಿನ ದನಿಯಲ್ಲಿ ಶುರು ಮಾಡಿದ. ಬೇಸ್ ಹುಡುಗ ಆಂಪ್ ಇಲ್ಲದೆಯೇ ತಂತಿ ಮೀಟುತ್ತಿದ್ದ. ಹತ್ತಿರ ಕೂತರೆ ಮಾತ್ರ ಕೇಳಿಸುವಷ್ಟು. ಹಾಡು ಕೂತಿತು. ಅರ್ಧದಲ್ಲಿ ಕರೆಂಟ್ ಬಂತು. ಯಾರೂ ಆಂಪ್ ಸ್ವಿಚ್ ಮುಟ್ಟಲಿಲ್ಲ.

ಆ ಹಾಡನ್ನು ಮಾಡಿದ್ದು ಯಾರು? ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ನಾಲ್ವರಲ್ಲಿ ಒಬ್ಬೊಬ್ಬರನ್ನೇ ಕೂರಿಸಿದ್ದರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಎದುರಿಗೆ ಕೂತವನು "ಇಲ್ಲ" ಅಂದಿದ್ದಕ್ಕೆ ಅದು ಹುಟ್ಟಿತು. ಲ್ಯಾಪ್‌ಟಾಪ್ ಎಂದೂ "ಇಲ್ಲ" ಅನ್ನುವುದಿಲ್ಲ ಅಲ್ವಾ?

ನಾನು ಕಿವಿ ಕಲಿತದ್ದೇ ಹೀಗೆ, ಹಲವರು ಕೂಡಿ ನುಡಿಸುವುದನ್ನು ಕೇಳಿ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆಯಿತಲ್ಲ, ಅವತ್ತು ಮೈಸೂರಿನಿಂದ ಬಸ್ ಹತ್ತಿ ಹೋಗಿದ್ದೆ. ಜನಸಾಗರ. ಭಾವಗೀತೆ ಕೇಳಲು ಅಷ್ಟು ಜನ ಬರುತ್ತಾರೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಎರಡು ವರ್ಷ ಬಿಟ್ಟು, 2007ರ ಮಾರ್ಚ್ 17ರಂದು ಅದೇ ಮೈದಾನಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದರು. ಭಾರತದಲ್ಲಿ ಅದು ಅವರ ಮೊದಲ ಶೋ. ನಮ್ಮ ಬ್ಯಾಂಡಿನ ನಾಲ್ವರೂ ನಾನೂ ಹೋಗಿದ್ದೆವು. ಮೂರು ಗಿಟಾರ್ ಇದ್ದರೂ ಒಂದರ ಮೇಲೊಂದು ಬೀಳುತ್ತಿರಲಿಲ್ಲ. ನಮ್ಮ ಬೇಸ್ ಹುಡುಗ ಇಡೀ ಹೊತ್ತು ಸ್ಟೀವ್ ಹ್ಯಾರಿಸ್ ಅವರ ಬೆರಳನ್ನೇ ನೋಡುತ್ತಿದ್ದ. 1975ರಲ್ಲಿ ಆ ಬ್ಯಾಂಡ್ ಕಟ್ಟಿದವರೇ ಅವರು, ಬೇಸ್ ನುಡಿಸುವವರು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ರಾಮನಗರದವರೆಗೂ ಒಂದು ಮಾತಾಡಲಿಲ್ಲ.

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಕಂಪನಿಯಿಂದ ತಂದದ್ದು. ಅದರಲ್ಲಿ ಷರೀಫರ ಪದಗಳಿದ್ದವು, ಹಿಂದಿ ಹಾಡುಗಳ ಪಕ್ಕದಲ್ಲೇ. ನಮ್ಮ ಮೈಸೂರಿನವರ ದನಿ, ನಮ್ಮ ಮಾತು, ಗಿಟಾರ್, ಪಿಟೀಲು. ಮರುವರ್ಷ ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಂ. ಅದರಲ್ಲಿ ಹಾಡುವ ವಾಸು ದೀಕ್ಷಿತ್ ರಘು ಅವರ ತಮ್ಮ. ಆ ಎರಡು ಸಿಡಿಗಳನ್ನು ಕೊಂಡು ಅದರೊಳಗಿನ ಪುಟ್ಟ ಪುಸ್ತಕವನ್ನು ಅಕ್ಷರ ಬಿಡದೆ ಓದಿದ್ದೆ. ಪಿಟೀಲು ಯಾರು, ತಾಳವಾದ್ಯ ಯಾರು, ರೆಕಾರ್ಡ್ ಮಾಡಿದ್ದು ಎಲ್ಲಿ ಅಂತ. ಈಗ ಫೋನಿನಲ್ಲಿ ಹಾಡು ಹಾಕಿದರೆ ಒಂದು ಚೌಕದ ಚಿತ್ರ, ಕೆಳಗೆ ಒಂದು ಹೆಸರು. ಪಿಟೀಲು ನುಡಿಸಿದ ಮನುಷ್ಯ ಎಲ್ಲಿ ಹೋದ?

ನಮ್ಮ ಬ್ಯಾಂಡ್ 2010ರಲ್ಲಿ ನಿಂತಿತು. ಜಗಳ ಏನೂ ಇಲ್ಲ. ಬೇಸ್ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹಾಡುವವನ ಮದುವೆ ಆಯಿತು. ಕತ್ತಲಲ್ಲಿ ಹುಟ್ಟಿದ ಆ ಹಾಡು ಒಂದೇ ಒಂದು ಸಿಡಿಯಲ್ಲಿ ನನ್ನ ಹತ್ತಿರ ಉಳಿದಿದೆ. ನಡುವೆ ಒಂದು ಕಡೆ ಗೀಚು ಬಿದ್ದು ಹಾರುತ್ತದೆ.

ಹುಡುಗನಿಗೆ ಈಗ ಒಂದು ಕಂಪನಿಯಿಂದ ಮೆಸೇಜ್ ಬಂದಿದೆಯಂತೆ. ಕೆರೆಯ ಹಾಡು ಪೂರ್ತಿ ಬೇಡ, ರೀಲ್ಸ್‌ಗೆ ಆಗುವ ಹಾಗೆ 20 ಸೆಕೆಂಡಿನ ಒಂದು ತುಂಡು ಕಳಿಸು ಅಂತ. ಅಜ್ಜ ಕೆರೆ ಏರಿ ಹತ್ತುವುದಕ್ಕೇ ಆ ಹಾಡಿನಲ್ಲಿ 40 ಸೆಕೆಂಡ್ ಬೇಕು. ಅವನು ಈಗ ಅಜ್ಜನನ್ನು ತೆಗೆದುಬಿಡಲಾ ಅಂತ ಯೋಚನೆ ಮಾಡುತ್ತಿದ್ದಾನೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

ನಾಲ್ಕು ಜನ ಕೂಡಿ ಹಾಡು ಕಟ್ಟುವುದು ಈ ಕಾಲಕ್ಕೆ ಆಗದ ಮಾತಾ? ನುಡಿಸುವವರು, ಈ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ. ಅವನಿಗೆ ನಾನು ಏನು ಹೇಳಲಿ?


ಆಕ್ಟೋಪ್ಯಾಡ್ ಹಾಸನ:

ಸರ್, ನಿಮ್ಮ ಗಿರಣಿ ರೂಮಿನ ಕತೆ ಓದಿ ಎರಡು ನಿಮಿಷ ಸುಮ್ಮನೆ ಕೂತಿದ್ದೆ.

ನಾನು 30 ವರ್ಷ ಆರ್ಕೆಸ್ಟ್ರಾದಲ್ಲಿ ಇದ್ದವನು. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆ. ರಸಮಂಜರಿ ಅಂತ ಬ್ಯಾನರ್ ಕಟ್ಟುತ್ತಾರಲ್ಲ, ಅದೇ. ಒಂದು ವಿಷಯ ಹೇಳಬೇಕು. ಯಂತ್ರ ಬಂದು ಮನುಷ್ಯನನ್ನು ಎಬ್ಬಿಸಿದ್ದು ಈಗ ಲ್ಯಾಪ್‌ಟಾಪಿನಿಂದ ಶುರುವಾದದ್ದಲ್ಲ.

ನಾನು ಸೇರಿದಾಗ ನಮ್ಮ ತಂಡದಲ್ಲಿ 14 ಜನ. ಎರಡು ಪಿಟೀಲು, ಕೊಳಲು, ಅಕಾರ್ಡಿಯನ್, ತಬಲಾ, ಢೋಲಕ್, ಕಾಂಗೋ, ಬಾಂಗೋ. 1987ರಲ್ಲಿ 'ಪ್ರೇಮಲೋಕ' ಬಂತು. ಊರೂರಲ್ಲೂ ಕ್ಯಾಸೆಟ್. ಜನ ವೇದಿಕೆಯ ಮೇಲೂ ಅದೇ ಸದ್ದು ಕೇಳಿದರು. ಹಂಸಲೇಖ ಅವರು ಆ ಹಾಡುಗಳಲ್ಲಿ ತಂದ ಡ್ರಮ್ಸ್ ಸದ್ದು ನಮ್ಮ ಬಾಂಗೋದಲ್ಲಿ ಎಲ್ಲಿ ಬರಬೇಕು? ಕೆಲವು ವರ್ಷ ಬಿಟ್ಟು ನಾನು ಸಾಲ ಮಾಡಿ ಆಕ್ಟೋಪ್ಯಾಡ್ ಕೊಂಡೆ, ಬಾರಿಸಿದರೆ ಬೇರೆ ಬೇರೆ ವಾದ್ಯದ ಸದ್ದು ಕೊಡುವ ಎಲೆಕ್ಟ್ರಾನಿಕ್ ಯಂತ್ರ. ಎಂಟು ಪ್ಯಾಡಿನಲ್ಲಿ ನಾಲ್ಕು ಜನರ ಕೆಲಸ. ಮಾಲೀಕರಿಗೆ ಖುಷಿ. ನನ್ನ ಪೇಮೆಂಟ್ ಜಾಸ್ತಿ ಆಯಿತು.

ಬಾಂಗೋ ನುಡಿಸುತ್ತಿದ್ದವರು ನನಗೆ ಕೈ ಕೂರಿಸಿದ ಗುರುಗಳು. ಅವರನ್ನು ಮುಂದಿನ ಸೀಸನ್‌ಗೆ ಕರೆಯಲಿಲ್ಲ. ಅವರು ಒಂದು ದಿನ ಬಂದು ನನ್ನ ಆಕ್ಟೋಪ್ಯಾಡ್ ಮೇಲೆ ಬೆರಳಿನಿಂದ ತಟ್ಟಿ ನೋಡಿದರು. ಅದನ್ನು ಕಡ್ಡಿಯಲ್ಲಿ ಬಾರಿಸಬೇಕು, ಬೆರಳಿಗೆ ಅದು ಸರಿಯಾಗಿ ಮಾತಾಡುವುದಿಲ್ಲ. "ಒಳ್ಳೇದಾಗಲಿ ಮಗಾ" ಅಂತ ಹೇಳಿ ಹೋದರು. ಅವರು ತೀರಿಕೊಂಡು ತುಂಬಾ ವರ್ಷ ಆಯಿತು. ಆ ಬೆರಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ರಿದಮ್ ತುಂಬಿದ ಕೀಬೋರ್ಡ್ ಬಂತು, ನಾವು ಆರು ಜನ ಆದೆವು. ಈಗ ಪೆನ್‌ಡ್ರೈವ್ ಕಾಲ. ಮೊದಲೇ ರೆಕಾರ್ಡ್ ಮಾಡಿದ ವಾದ್ಯಗಳ ಟ್ರ್ಯಾಕ್ ಹಾಕುತ್ತಾರೆ, ಇಬ್ಬರು ನಿಂತು ಹಾಡುತ್ತಾರೆ, ಮುಗಿಯಿತು. ನನ್ನ ಆಕ್ಟೋಪ್ಯಾಡ್ ಅಟ್ಟದ ಮೇಲಿದೆ.

ಆದ್ದರಿಂದ ಹುಡುಗನನ್ನು ಬೈಯಬೇಡಿ. ಕೈಗೆ ಸಿಕ್ಕಿದ್ದರಲ್ಲಿ ಅವನು ಮಾಡುತ್ತಿದ್ದಾನೆ, ನಾನೂ ಅದನ್ನೇ ಮಾಡಿದ್ದೆ. ಆದರೆ ಅವನನ್ನು ಒಂದು ಸಲ ವೇದಿಕೆಯ ಪಕ್ಕ ನಿಲ್ಲಿಸಿ ತೋರಿಸಿ. ಹಾಡುವವರು ಗಾಬರಿಯಲ್ಲಿ ಎರಡನೇ ಚರಣವನ್ನು ಮೊದಲೇ ಹಿಡಿದುಬಿಡುತ್ತಾರೆ. ನಾವು ಇದ್ದಾಗ ಕಣ್ಣಲ್ಲೇ ಸನ್ನೆ ಮಾಡಿಕೊಂಡು ಅವರ ಹಿಂದೆ ಹೋಗುತ್ತಿದ್ದೆವು, ಜನಕ್ಕೆ ತಪ್ಪೇ ಗೊತ್ತಾಗುತ್ತಿರಲಿಲ್ಲ. ಪೆನ್‌ಡ್ರೈವ್ ಹೋಗುವುದಿಲ್ಲ. ಜನ "ಒನ್ಸ್ ಮೋರ್" ಅಂದರೆ ನಾವು ನೇರ ಪಲ್ಲವಿಗೆ ಎತ್ತುತ್ತಿದ್ದೆವು, ಇನ್ನೂ ಒಂದು ಗತ್ತು ಏರಿಸಿ. ಪೆನ್‌ಡ್ರೈವ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಷ್ಟರಲ್ಲಿ ಜನರ ಹುರುಪು ಇಳಿದಿರುತ್ತದೆ.


ಬೇಸ್ ಬೆಂಗಳೂರು:

ಒಂಟಿಕೊಪ್ಪಲ್ ಅಣ್ಣ, ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ವಾರದ ದಿನಗಳಲ್ಲಿ ಸೌಂಡ್ ಕೆಲಸ ಮಾಡುತ್ತೇನೆ. ಊರು ಚಿಕ್ಕಮಗಳೂರು, ಹನ್ನೆರಡು ವರ್ಷದಿಂದ ಬೆಂಗಳೂರು. ನಿಮ್ಮ ಕತೆ ನನಗೆ ತುಂಬಾ ಇಷ್ಟವಾಯಿತು. ಆದರೂ ಒಂದು ವಿಷಯದಲ್ಲಿ ನಿಮ್ಮ ಜೊತೆ ಜಗಳ ಮಾಡಲೇಬೇಕು.

ಆ ರೂಮಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನಾನು ಕಾಲೇಜಿನಲ್ಲಿ ಬ್ಯಾಂಡ್ ಸೇರಲು ಹೋದಾಗ "ಹಾಡ್ತೀಯಾ?" ಅಂತ ಕೇಳಿದರು. "ಇಲ್ಲ, ಬೇಸ್" ಅಂದೆ. "ಹಾಡೋಕೆ ಬಂದರೆ ಹೇಳು" ಅಂದರು. ರಾತ್ರಿ 8ರ ಮೇಲೆ ಗಿರಣಿ ಮೇಲಿನ ರೂಮಿಗೆ ಯಾವ ಅಮ್ಮ ಮಗಳನ್ನು ಕಳಿಸುತ್ತಾಳೆ ಹೇಳಿ? ನಾನು ಕಲಿತದ್ದು ಹಾಸ್ಟೆಲ್ ರೂಮಿನಲ್ಲಿ, ಲ್ಯಾಪ್‌ಟಾಪಿನ ಡ್ರಮ್ಸ್ ಜೊತೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಆ ಲ್ಯಾಪ್‌ಟಾಪ್ ನನಗೆ "ಇಲ್ಲ" ಅನ್ನಲಿಲ್ಲ. ಅದು ಆಗ ನನಗೆ ಬಹಳ ಮುಖ್ಯವಾಗಿತ್ತು.

ಈಗ ನನಗೂ ಒಂದು ಬ್ಯಾಂಡ್ ಇದೆ, ಐದು ಜನ. ನಿಮ್ಮ ಪ್ರಶ್ನೆಗೆ ಉತ್ತರ: ಬ್ಯಾಂಡ್ ಕಟ್ಟಬಹುದು, ಉಳಿಸುವುದು ಕಷ್ಟ. ಕಾರಣ ಸೀದಾ ಲೆಕ್ಕ. ಒಬ್ಬ ಹಾಡುಗಾರ ಲ್ಯಾಪ್‌ಟಾಪ್ ಹಿಡಿದು ಬಂದರೆ ಒಂದು ಟಿಕೆಟ್, ಒಂದು ರೂಮ್. ನಾವು ಬಂದರೆ ಒಂದು ವ್ಯಾನ್, ಡ್ರಮ್ಸ್ ಕಿಟ್, ಐದು ಊಟ, ಎರಡು ಗಂಟೆ ಸೌಂಡ್ ಚೆಕ್. ಶೋ ಮಾಡಿಸುವವರು ಕೊಡುವ ದುಡ್ಡು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹೋದ ವರ್ಷ ಒಂದು ಕಾಲೇಜು ಫೆಸ್ಟ್‌ನಲ್ಲಿ ಖರ್ಚು ಕಳೆದು ನನ್ನ ಪಾಲಿಗೆ ಬಂದದ್ದು 1,100 ರೂಪಾಯಿ. ಬೇಸ್ ತಂತಿ ಒಂದು ಸೆಟ್ಟಿಗೂ ಸಾಲುವುದಿಲ್ಲ.

ಜಾಗದ ಕಷ್ಟ ಬೇರೆ. ಬೆಂಗಳೂರಿನಲ್ಲಿ 'ಲೈವ್ ಬ್ಯಾಂಡ್' ಅಂದರೆ ಏನರ್ಥ ಅಂತ ನಿಮಗೂ ಗೊತ್ತು. ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್ ಮೇಲೆ ದಾಳಿ' ಅಂತ ಬಂದರೆ ಅದು ಡ್ಯಾನ್ಸ್ ಬಾರ್ ಸುದ್ದಿ. "ಲೈವ್ ಬ್ಯಾಂಡ್‌ನಲ್ಲಿ ನುಡಿಸ್ತೀನಿ" ಅಂತ ಊರಲ್ಲಿ ಹೇಳಿದ ದಿನ ಅಮ್ಮ ಊಟ ಮಾಡಲಿಲ್ಲ. ಡ್ಯಾನ್ಸ್ ಬಾರ್‌ಗಳನ್ನು ಹಿಡಿತಕ್ಕೆ ತರಲು 2005ರಲ್ಲಿ ಮಾಡಿದ ಲೈಸೆನ್ಸ್ ನಿಯಮವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಪೊಲೀಸರು ಗಿಟಾರ್ ನುಡಿಸುವ ಪಬ್‌ಗಳಿಗೂ ಅದೇ ಲೈಸೆನ್ಸ್ ಕೇಳಿದರು. ಎಷ್ಟೋ ಕಡೆ ಸಂಗೀತವೇ ನಿಂತುಹೋಯಿತು. ಬೆಂಗಳೂರಿನ ಬ್ಯಾಂಡುಗಳು ಬೆಳೆದದ್ದೇ ಅಂಥ ಪುಟ್ಟ ವೇದಿಕೆಗಳಲ್ಲಿ. 50 ಜನರ ಮುಂದೆ ತಪ್ಪು ನುಡಿಸಿ ಕಲಿಯಲು ಜಾಗ ಇಲ್ಲದಿದ್ದರೆ 5,000 ಜನರ ಮುಂದೆ ಹೇಗೆ ನಿಲ್ಲುವುದು?

ಫೋನಿನಲ್ಲಿ ಕೇಳುವುದರಿಂದ ಬರುವ ದುಡ್ಡಿನ ಬಗ್ಗೆಯೂ ಹುಡುಗನಿಗೆ ಹೇಳಿ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ರೆಕಾರ್ಡಿಂಗಿಗೆ ಏನೂ ಕೊಡುವುದಿಲ್ಲ. ಸಾವಿರ ದಾಟಿದರೂ ಐದು ಜನರಿಗೆ ಹಂಚಿದರೆ ಒಂದು ಕಾಫಿಗೆ ಆಗುವುದಿಲ್ಲ.

ಇನ್ನು ಆ 20 ಸೆಕೆಂಡ್ ಕೇಳಿದ ಕಂಪನಿ. ದಯವಿಟ್ಟು ಏನೂ ಕಳಿಸುವ ಮೊದಲು ಅವರು ಯಾವ ಪೇಪರಿಗೆ ಸಹಿ ಕೇಳುತ್ತಾರೆ ನೋಡಿ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಮಾತು ಮತ್ತು ಟ್ಯೂನ್ ಒಂದು. ರೆಕಾರ್ಡ್ ಆದ ಸದ್ದು ಇನ್ನೊಂದು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಹಾಡು ಬರೆದವರು ಮತ್ತು ಟ್ಯೂನ್ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇವೆ ಅಂತ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಆ ಪಾಲು ಅವರದೇ. ಅದನ್ನು ವಸೂಲಿ ಮಾಡಿಕೊಡಲು ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ಅಲ್ಲಿ ಸದಸ್ಯನಾಗಲು ಹೇಳಿ. 19ನೇ ವಯಸ್ಸಿನಲ್ಲಿ ನನಗೆ ಇದನ್ನು ಯಾರೂ ಹೇಳಲಿಲ್ಲ. ನಾನು ಟ್ಯೂನ್ ಮಾಡಿದ ಒಂದು ಹಾಡಿನಲ್ಲಿ ಇವತ್ತಿಗೂ ನನ್ನ ಹೆಸರಿಲ್ಲ.

ಬ್ಯಾಂಡ್ ಕಟ್ಟಿದರೆ ಮೊದಲ ದಿನವೇ ಒಂದು ಹಾಳೆಯಲ್ಲಿ ಪಾಲು ಬರೆದಿಡಲಿ. ನಾವು ಐದೂ ಜನ ಸಮಪಾಲು ಅಂತ ಬರೆದು ಸಹಿ ಹಾಕಿದ್ದೇವೆ. ನಿಮ್ಮ ಡ್ರಮ್ಮರ್ ಇಳಿಸಿದ ಲಿವರ್‌ಗೆ ಯಾವ ಪೇಪರಿನಲ್ಲೂ ಪಾಲು ಇರಲಿಲ್ಲ, ನೋಡಿ. ಆ ಹಾಡು ಗೆದ್ದಿದ್ದರೆ ನಿಮ್ಮ ಗೆಳೆಯರ ನಡುವೆ ಏನಾಗುತ್ತಿತ್ತು ಅಂತ ಯೋಚಿಸಿ.

ಮತ್ತೆ, ಅಜ್ಜನನ್ನು ತೆಗೆಯಬೇಡ ಅಂತ ಅವನಿಗೆ ಹೇಳಿ. ನಾನು ಹೇಳಿದೆ ಅಂತಲೇ ಹೇಳಿ.


ಶಿಗ್ಗಾಂವಿ ಕಡೆಯವ:

ಅಣ್ಣಾರ, ನಮ್ಮ ಊರು ಶಿಶುನಾಳದಿಂದ ದೂರ ಇಲ್ಲ. ಷರೀಫರ ಹೆಸರು ಕಂಡಿತು, ಅದಕ್ಕೇ ಬರೆಯುತ್ತಿದ್ದೇನೆ.

ನೀವೆಲ್ಲ ಬ್ಯಾಂಡ್ ಬ್ಯಾಂಡ್ ಅನ್ನುತ್ತೀರಿ. ನಮ್ಮೂರಿನ ಭಜನಾ ಮಂಡಳಿ ನಮ್ಮ ಅಜ್ಜನ ಕಾಲದ್ದು. ಒಂಬತ್ತು ಮಂದಿ. ಒಂದು ಪೇಟಿ (ಹಾರ್ಮೋನಿಯಂ), ಒಂದು ತಬಲಾ, ಏಕತಾರಿ, ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಒಬ್ಬರು ಪದ ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಎತ್ತಿಕೊಡುವವರಿಗೆ ದಮ್ಮು ಹತ್ತಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಯಾರೂ ಪೇಮೆಂಟ್ ಕೇಳುವುದಿಲ್ಲ. ನಡುರಾತ್ರಿ ಚಹಾ ಮತ್ತು ಚುರುಮುರಿ ಆದರೆ ಸಾಕು. ಒಬ್ಬರು ಟ್ರ್ಯಾಕ್ಟರ್ ಓಡಿಸುತ್ತಾರೆ, ಒಬ್ಬರು ಸಾಲಿ ಮಾಸ್ತರು, ತಬಲಾದವರದು ಕಟಿಂಗ್ ಅಂಗಡಿ.

ನಮ್ಮಲ್ಲೂ ಸುಖ ಇಲ್ಲ. ಹುಡುಗರು ಹುಬ್ಬಳ್ಳಿ, ಬೆಂಗಳೂರು ಹಿಡಿದಿದ್ದಾರೆ. ಏಕತಾರಿಯವರು ತೀರಿಕೊಂಡ ಮೇಲೆ ಒಂದು ವರ್ಷ ಅದು ಗೋಡೆಗೇ ತೂಗಿತ್ತು. ಆಮೇಲೆ ಮಾಸ್ತರ ಮಗಳು ಕಲಿತಳು. ಮೊದಲು ಸ್ವಲ್ಪ ಮಂದಿ ಗೊಣಗಿದರು. ಈಗ ಅವಳಿಲ್ಲದೆ ಭಜನೆ ಶುರುವಾಗುವುದಿಲ್ಲ. ಬೇಸ್ ನುಡಿಸುವ ಅಕ್ಕಾರಿಗೆ ಇದನ್ನು ಹೇಳಬೇಕು ಅನ್ನಿಸಿತು.

ಶ್ರಾವಣದಲ್ಲಿ ದಿನಾ ರಾತ್ರಿ ಭಜನೆ ಇರುತ್ತದೆ. ನಿಮ್ಮ ಅಳಿಯನನ್ನು ಕರೆದುಕೊಂಡು ಬರ್ರಿ. ಕೈಗೆ ತಾಳ ಕೊಡುತ್ತೇವೆ. ತಾಳ ಸಣ್ಣ ವಾದ್ಯ ಅಂತ ತಿಳಿಯಬಾರದು. ಒಂಬತ್ತು ಮಂದಿಯ ನಡುವೆ ಮೂರು ತಾಸು ಅದನ್ನು ಬಿಡದೆ ಹಿಡಿದರೆ ಪಕ್ಕದವನ ಉಸಿರು ಸಹಿತ ಕೇಳಿಸಲು ಶುರುವಾಗುತ್ತದೆ.


ಶೆಫೀಲ್ಡ್ ಕನ್ನಡಿಗ:

ನನ್ನದು ಎರಡೇ ಮಾತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ರಘು ದೀಕ್ಷಿತ್ ಬಂದಾಗ ನಾನು ಇಲ್ಲಿಗೆ, ಇಂಗ್ಲೆಂಡಿಗೆ, ಬಂದು ಮೂರು ತಿಂಗಳಾಗಿತ್ತು. ಚಳಿ, ಒಂಟಿತನ. ಟಿವಿಯಲ್ಲಿ ಲುಂಗಿ, ಕಾಲಿಗೆ ಗೆಜ್ಜೆ ಕಂಡ ತಕ್ಷಣ ಮನೆಯವಳನ್ನು ಅಡುಗೆಮನೆಯಿಂದ ಕೂಗಿ ಕರೆದೆ. ಇಬ್ಬರೂ ನಿಂತೇ ನೋಡಿದೆವು.

ಬೆಂಗಳೂರಿನ ತಂಗಿ ಹೇಳಿದ ಜಾಗದ ಕಷ್ಟ ಇಲ್ಲೂ ಇದೆ. ಬಾಡಿಗೆ ಏರಿ ಪುಟ್ಟ ಸಂಗೀತದ ಜಾಗಗಳು ಒಂದೊಂದಾಗಿ ಮುಚ್ಚುತ್ತಿವೆ. ಅವುಗಳನ್ನು ಉಳಿಸಲೆಂದೇ 2014ರಲ್ಲಿ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅಂತ ಒಂದು ಸಂಸ್ಥೆ ಹುಟ್ಟಿದೆ. ದೊಡ್ಡ ಅರೀನಾಗಳ ಪ್ರತಿ ಟಿಕೆಟ್ಟಿನಿಂದ ಒಂದು ಪೌಂಡನ್ನು ಈ ಪುಟ್ಟ ಜಾಗಗಳಿಗೆ ಕೊಡಿ ಅನ್ನುವುದು ಅವರ ಬೇಡಿಕೆ. ನಮ್ಮಲ್ಲಿ ದೊಡ್ಡ ಶೋಗಳ ಟಿಕೆಟ್ ಈಗ ಸಾವಿರಗಟ್ಟಲೆ ಇದೆಯಲ್ಲ, ಅಲ್ಲೂ ಯಾರಾದರೂ ಈ ಮಾತು ಎತ್ತಬೇಕು.


ಒಂಟಿಕೊಪ್ಪಲ್ ಕೇಳುಗ:

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಬೇಸ್ ಬೆಂಗಳೂರು ತಂಗಿ, ನೀವು ಹೇಳಿದ್ದು ಸರಿ. ನಮ್ಮ ಗಿರಣಿ ರೂಮಿಗೆ ಏಳು ವರ್ಷದಲ್ಲಿ ಒಬ್ಬ ಹುಡುಗಿಯೂ ವಾದ್ಯ ಹಿಡಿದು ಬರಲಿಲ್ಲ. ಯಾಕೆ ಅಂತ ನಾವು ಯಾರೂ ಕೇಳಿಕೊಳ್ಳಲೂ ಇಲ್ಲ. ನಿಮ್ಮ ಉತ್ತರ ಓದುವವರೆಗೆ ನನಗೆ ಅದು ತಲೆಗೇ ಬಂದಿರಲಿಲ್ಲ. ಹಾಸನದ ಸರ್, ಆ ಆಕ್ಟೋಪ್ಯಾಡ್ ಅಟ್ಟದಿಂದ ಇಳಿಸಿ, ದಯವಿಟ್ಟು.

ಆಮೇಲೆ ಏನಾಯಿತು ಹೇಳುತ್ತೇನೆ. ನಮ್ಮ ಹಳೇ ಡ್ರಮ್ಮರ್ ಇಲ್ಲೇ ಮೈಸೂರಿನಲ್ಲಿ ಇದ್ದಾನೆ, ಹೆಬ್ಬಾಳದ ಕಡೆ ಒಂದು ವರ್ಕ್‌ಶಾಪ್ ನಡೆಸುತ್ತಾನೆ. ನಿನ್ನೆ ಹುಡುಗನನ್ನು ಕರೆದುಕೊಂಡು ಹೋದೆ. ಹುಡುಗ ಲ್ಯಾಪ್‌ಟಾಪ್ ತಂದಿದ್ದ, ಹೆಚ್ಚು ಮಾತಾಡಲಿಲ್ಲ. ಡ್ರಮ್ಮರ್ ಕೈಯ ಗ್ರೀಸ್ ಒರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೆರೆಯ ಹಾಡನ್ನು ಮೂರು ಸಲ ಕೇಳಿದ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಅವನು ಕೇಳಿದ್ದು ಒಂದೇ. "ಅಜ್ಜನಿಗೆ ಎಷ್ಟು ವಯಸ್ಸು ಮಗಾ?"

"80 ಇರಬಹುದು ಅಂಕಲ್."

"ಮತ್ತೆ ನಿನ್ನ ಡ್ರಮ್ಸ್ 20ರ ಹುಡುಗ ಓಡಿದ ಹಾಗೆ ಓಡ್ತಿದೆಯಲ್ಲ. 80 ವರ್ಷದವರು ಏರಿ ಹತ್ತುವಾಗ ನಡುನಡುವೆ ನಿಲ್ಲಲ್ವಾ?"

ಹುಡುಗ ತುಂಬಾ ಹೊತ್ತು ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಡ್ರಮ್ಸ್ ಟ್ರ್ಯಾಕ್ ಪೂರ್ತಿ ಮ್ಯೂಟ್ ಮಾಡಿದ. ಡ್ರಮ್ಮರ್ ಪಕ್ಕದಲ್ಲಿದ್ದ ಖಾಲಿ ಆಯಿಲ್ ಡಬ್ಬ ಎಳೆದುಕೊಂಡು ಬೆರಳಲ್ಲಿ ಬಡಿಯತೊಡಗಿದ. ಎರಡು ಹೆಜ್ಜೆ, ನಿಲ್ಲುವುದು. ಮೂರು ಹೆಜ್ಜೆ, ನಿಲ್ಲುವುದು. ಹುಡುಗ ಫೋನ್ ತೆಗೆದು ರೆಕಾರ್ಡ್ ಒತ್ತಿದ. ಇಬ್ಬರಿಗೂ ನಾನು ಅಲ್ಲಿ ಇರುವುದು ಮರೆತೇ ಹೋಗಿತ್ತು. ಇದನ್ನು ಬರೆಯುವಾಗಲೂ ಕಣ್ಣು ತುಂಬಿ ಬರುತ್ತಿದೆ.

ಕಂಪನಿಗೆ ಇನ್ನೂ ಏನೂ ಕಳಿಸಿಲ್ಲ. ಪೇಪರ್ ಕಳಿಸಿ, ಓದಿ ಹೇಳ್ತೀನಿ ಅಂತ ಬರೆದಿದ್ದಾನೆ. ಅವರಿಂದ ಉತ್ತರ ಬಂದಿಲ್ಲ. ಶ್ರಾವಣದಲ್ಲಿ ಶಿಗ್ಗಾಂವಿ ಕಡೆ ಖಂಡಿತ ಬರುತ್ತೇವೆ, ಇಬ್ಬರೂ.

ಮುಂದಿನ ಭಾನುವಾರ ಮತ್ತೆ ಸೇರುತ್ತಿದ್ದಾರೆ. ಡ್ರಮ್ಸ್ ಹತ್ತು ವರ್ಷದಿಂದ ಮೂಟೆ ಕಟ್ಟಿ ಇಟ್ಟಿದ್ದು, ಸ್ನೇರ್‌ನ ಸ್ಕಿನ್ ಒಡೆದಿದೆ. 14 ಇಂಚಿನದು ಬೇಕು. ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ? ಶನಿವಾರದೊಳಗೆ ತರಬೇಕು. ತರುವ ಕೆಲಸ ನನ್ನದು.